ಬರಿ ಇರುವ ಜಾಗ

ನನ್ನ ಮಗಳಿಗೆ ಮೂವರು ಹೆತ್ತವರು ಎಂದು ಪತ್ರಿಕೆಯವರು ಬರೆದರು. ಲೆಕ್ಕ ತಪ್ಪು. ಅಂಡದ ಕೇಂದ್ರ ಕೊಟ್ಟವಳು ನನ್ನ ಹೆಂಡತಿ ನಿಶ್ಮಿತಾ. ಅಂಡದ ಉಳಿದ ಭಾಗವೆಲ್ಲ ಹೆಜಮಾಡಿಯ ವಿನುತಾಳದ್ದು. ಮೂರನೆಯವನಾಗಿ ಹಿಂದೆ ನಿಂತವನು ನಾನು. ಆದರೆ ಯಾರ ಅಂಡ ಬರಬೇಕು, ಯಾರದ್ದು ಬರಬಾರದು ಎಂದು ತೀರ್ಮಾನಿಸಿದವರು ನಿಶ್ಮಿತಾಳ ಸೋದರಮಾವ ಸಂಜೀವ ಮಾಮ. ಹಾಗಾಗಿ ನಾಲ್ವರು ಅನ್ನಬೇಕು. ಈ ನಾಲ್ವರಲ್ಲಿ ಯಾರ ಮಾತು ಎಷ್ಟು ನಡೆಯಿತು ಎಂದು ಕೇಳಿದರೆ ನಾನು ಕೊನೆಯವನು.

ನನ್ನ ಹೆಸರು ರಿತೇಶ. ಮಲ್ಪೆ ಬಂದರಿನ ಹತ್ತಿರ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡುವ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ವಿಜ್ಞಾನ ಓದಿದ್ದು ಪಿಯುಸಿವರೆಗೆ, ಅದರಲ್ಲೂ ಪಾಸಾದದ್ದು ಕಷ್ಟಪಟ್ಟು. ಮುಂದೆ ಹೇಳುವುದರಲ್ಲಿ ವಿಜ್ಞಾನ ಎಲ್ಲಾದರೂ ಸರಿಯಾಗಿದ್ದರೆ ಅದು ಡಾಕ್ಟರ್ ಫ್ಲೇವಿಯಾ ಸೆರಾವೊ ನನಗೆ ಬಿಡಿಸಿ ಹೇಳಿದ್ದು. ಸಿಟ್ಟು ಮಾತ್ರ ಪೂರ್ತಿ ನನ್ನ ಸ್ವಂತದ್ದು.

ನಮ್ಮ ಊರಿನ ಹೊರಗಿನವರಿಗಾಗಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ತುಳು ಮಾತಾಡುವ ನಮ್ಮ ಕಡಲತೀರದ ಜನರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಆ ಕುಲವನ್ನು ಬರಿ ಎನ್ನುತ್ತೇವೆ. ತಾಯಿಯ ಬರಿ ಮಕ್ಕಳಿಗೆ, ಮಗಳ ಬರಿ ಅವಳ ಮಕ್ಕಳಿಗೆ, ಹೀಗೆ ಹೆಣ್ಣಿನ ದಾರಿಯಲ್ಲೇ ಅದು ಇಳಿದು ಬರುತ್ತದೆ. ಗಂಡಸು ತನ್ನ ಬರಿಯನ್ನು ಸಾಯುವವರೆಗೆ ಹೊತ್ತುಕೊಂಡಿರಬಹುದು, ಮಕ್ಕಳಿಗೆ ಕೊಡಲಾರ. ಒಂದೇ ಬರಿಯ ಗಂಡು ಹೆಣ್ಣು ಅಣ್ಣ ತಂಗಿಯರಿದ್ದ ಹಾಗೆ, ಮದುವೆಯಾಗುವಂತಿಲ್ಲ. ಅಪ್ಪ ಅನ್ನಿಸಿಕೊಂಡವನು ಮಗುವನ್ನು ಶಾಲೆಗೆ ಬಿಡುತ್ತಾನೆ, ಜ್ವರ ಬಂದರೆ ಆಸ್ಪತ್ರೆಗೆ ಓಡುತ್ತಾನೆ, ಆದರೆ ಮಗುವಿನ ಕುಟುಂಬದಲ್ಲಿ ಅವನು ನೆಂಟ. ಕಾಲ ಬದಲಾಗಿದೆ, ಈಗ ಕಡಲಲ್ಲಿ ಮೀನು ಎಲ್ಲಿದೆಯೆಂದು ಹುಡುಕಿ ಹೇಳುವುದು ಆಕಾಶದ ಉಪಗ್ರಹ. ಆದರೂ ಮದುವೆ, ಮಗು, ದೈವದ ಕೆಲಸ ಎಂದು ಬಂದಾಗ ಮಾವಂದಿರು ಕೆಮ್ಮಿ ಗಂಟಲು ಸರಿಮಾಡಿಕೊಂಡರೆ ಉಳಿದವರು ಸುಮ್ಮನಾಗುತ್ತಾರೆ.

ನಮ್ಮ ಮೊದಲ ಮಗ ಆರುಷ್. ಐದು ವರ್ಷದವರೆಗೆ ಎಲ್ಲ ಮಕ್ಕಳಂತೆ ಇದ್ದ. ಆಮೇಲೆ ಓಡಿದರೆ ಬೇಗ ಸುಸ್ತು, ತಲೆನೋವು, ವಾಂತಿ. ಒಂದು ಬೆಳಿಗ್ಗೆ ಬಲಗೈಯಲ್ಲಿ ಲೋಟ ಹಿಡಿಯಲಾಗಲಿಲ್ಲ. ಅದು ಸರಿಯಾಯಿತು ಎನ್ನುವಷ್ಟರಲ್ಲಿ ಕಣ್ಣು ಮಂಜಾಯಿತು. ಎಂಟು ತುಂಬುವ ಮೊದಲೇ ಹೋಗಿಬಿಟ್ಟ. ಸಂಜೀವ ಮಾಮ ಅವನನ್ನು ದಿನಾ ಹೆಗಲ ಮೇಲೆ ಕೂರಿಸಿಕೊಂಡು ಬಂದರಿಗೆ ತರುತ್ತಿದ್ದವರು, ಅವನು ಹೋದ ಮೇಲೆ ಬಹಳ ಕಾಲ ಬಂದರಿನ ಕಡೆ ಕಾಲಿಡಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಮಾಮ ಕಲ್ಲು ಮನಸ್ಸಿನವರು ಎಂದು ಯಾರಾದರೂ ತಿಳಿದರೆ ನನಗೆ ಸಮಾಧಾನವಾಗುತ್ತದೆ, ಆದರೆ ಅದು ನಿಜವಲ್ಲ.

ಆರುಷ್ ಹೋದ ಮೇಲೆಯೇ ನಮಗೆ ಕಾಯಿಲೆಯ ಹೆಸರು ಗೊತ್ತಾದದ್ದು. ಮಂಗಳೂರಿನ ಹೊರಗೆ ಗುಡ್ಡದ ಮೇಲೆ ಹೊಸದಾಗಿ ಎದ್ದಿದ್ದ ಪಶ್ಚಿಮತೀರ ಜೀವಕೋಶ ಸಂಸ್ಥೆಗೆ ನಮ್ಮನ್ನು ಕಳಿಸಿದರು. ನಾನು, ನಿಶ್ಮಿತಾ, ಅವಳ ಅಮ್ಮ ವಾರಿಜ ಮಾಮಿ, ಸಂಜೀವ ಮಾಮ, ನಾಲ್ವರೂ ಹೋದೆವು. ಗಾಜಿನ ಗೋಡೆಗಳು, ಆಸ್ಪತ್ರೆಯ ವಾಸನೆಯೇ ಇಲ್ಲದ ಆಸ್ಪತ್ರೆ. ಡಾಕ್ಟರ್ ಫ್ಲೇವಿಯಾ ಬಿಳಿ ಕೋಟು ಹಾಕಿಕೊಂಡು ನಮ್ಮ ಪಕ್ಕದ ಕುರ್ಚಿಯಲ್ಲೇ ಕೂತರು.

“ನಿಮ್ಮ ಬೋಟಿನ ಭಾಷೆಯಲ್ಲೇ ಹೇಳ್ತೇನೆ,” ಅಂದರು ನನಗೆ. “ಮೈಯ ಪ್ರತಿ ಜೀವಕೋಶದ ಒಳಗೆ ನೂರಾರು ಸಣ್ಣ ಸಣ್ಣ ಇಂಜಿನ್ ಉಂಟು. ಮೈಟೊಕಾಂಡ್ರಿಯ ಅಂತ ಹೆಸರು. ತಿಂದದ್ದನ್ನು ಉರಿಸಿ ಶಕ್ತಿ ಕೊಡುದು ಅವು. ಅವುಗಳದ್ದೇ ಒಂದು ಚಿಕ್ಕ ಡಿಎನ್‌ಎ ಬೇರೆಯೇ ಉಂಟು. ನಿಶ್ಮಿತಾಗೆ ಅದರಲ್ಲಿ ಒಂದು ಅಕ್ಷರ ತಪ್ಪಿದೆ. ಅವರಲ್ಲಿ ಕೆಲವು ಇಂಜಿನ್ ಸರಿ, ಕೆಲವು ಹಾಳು. ಹಾಳಾದ್ದು ಕಮ್ಮಿ ಇದ್ರೆ ಕಿವಿ ಮಂದ, ಸಕ್ಕರೆ ಕಾಯಿಲೆ, ಅಷ್ಟಕ್ಕೇ ನಿಲ್ತದೆ. ಜಾಸ್ತಿ ಇದ್ರೆ ಮೆದುಳಿಗೆ ಪೆಟ್ಟು. ನಿಮ್ಮ ಮಗನಿಗೆ ಆದದ್ದು ಅದೇ.”

ಕಿವಿ ಮಂದ ಎಂದಾಗ ನಾನು ವಾರಿಜ ಮಾಮಿಯ ಮುಖ ನೋಡಿದೆ. ನಾವೆಲ್ಲ ಒಟ್ಟಿಗೆ ಇದ್ದ ಆ ಮನೆಯಲ್ಲಿ ಟಿವಿ ಇಡೀ ಬೀದಿಗೆ ಕೇಳುವಷ್ಟು ಜೋರು. ಮಾಮಿಗೆ ಅರ್ಧ ಕಿವಿ, ಮಾಮನಿಗೆ ಎರಡೂ ಕಿವಿಗೆ ಯಂತ್ರ, ಇಬ್ಬರಿಗೂ ಚಿಕ್ಕ ವಯಸ್ಸಿನಲ್ಲೇ ಸಕ್ಕರೆ. ನಮ್ಮ ಕುಟುಂಬದವರ ಕಿವಿಯೇ ಹಾಗೆ ಎಂದು ಅವರು ಅದನ್ನು ಮನೆತನದ ಗುರುತಿನಂತೆ ಹೇಳಿಕೊಳ್ಳುತ್ತಿದ್ದರು.

“ಇದು ಅಪ್ಪನಿಂದ ಬರುದಿಲ್ಲ,” ಡಾಕ್ಟರ್ ಮುಂದುವರಿಸಿದರು. “ತಾಯಿಯ ಅಂಡದಲ್ಲಿ ಇರ್ತದಲ್ಲ, ಅಲ್ಲಿಂದ ಮಾತ್ರ. ಗಂಡುಮಕ್ಕಳಿಗೂ ಬರ್ತದೆ, ಆದ್ರೆ ಅವರಿಂದ ಮುಂದೆ ಹೋಗುದಿಲ್ಲ. ನಿಮ್ಮಲ್ಲಿ ಬರಿ ಹೇಗೆ ತಾಯಿಯಿಂದ ಬರ್ತದಾ, ಕರೆಕ್ಟ್ ಹಾಗೆಯೇ.”

ಹೋಲಿಕೆ ಚೆನ್ನಾಗಿ ಕೂತಿತೆಂದು ಅವರಿಗೇ ಖುಷಿಯಾಯಿತು. ನಮಗೂ ಅರ್ಥವಾಯಿತು. ಮಾಮ ಕಿವಿ ಮುಂದೆ ಮಾಡಿ, “ಎಂತ ಹೇಳಿದ್ದು?” ಎಂದು ಕೇಳಿದರು. ಡಾಕ್ಟರ್ ಅದನ್ನೇ ಮತ್ತೊಮ್ಮೆ ಜೋರಾಗಿ ಹೇಳಿದರು. ಆ ಎರಡನೇ ಸಲ ಹೇಳದಿದ್ದರೆ ಎಂದು ನಾನು ಈಗಲೂ ಹಲ್ಲು ಕಡಿಯುತ್ತೇನೆ.

ಮದ್ದಿನ ವಿಷಯ ಆಮೇಲೆ ಬಂತು. ನಿಶ್ಮಿತಾಳ ಅಂಡದಿಂದ ಅವಳ ಗುಣಲಕ್ಷಣಗಳಿರುವ ಕೇಂದ್ರವನ್ನಷ್ಟೇ ಎತ್ತುವುದು. ಆರೋಗ್ಯವಂತ ಹೆಂಗಸೊಬ್ಬಳ ಅಂಡದಿಂದ ಅವಳ ಕೇಂದ್ರ ತೆಗೆದುಹಾಕಿ, ಆ ಖಾಲಿ ಜಾಗದಲ್ಲಿ ನಿಶ್ಮಿತಾಳದ್ದನ್ನು ಇಡುವುದು. ಅದಕ್ಕೆ ನನ್ನ ವೀರ್ಯ ಸೇರಿಸಿ ಭ್ರೂಣ ಬೆಳೆಸುವುದು. ಬಣ್ಣ, ಎತ್ತರ, ಮುಖ, ಸ್ವಭಾವ, ಎಲ್ಲ ನಮ್ಮಿಬ್ಬರದ್ದೇ. ಇಂಜಿನ್ ಮಾತ್ರ ಆ ಹೆಂಗಸಿನದ್ದು. ಇದಕ್ಕೆ ಅನುಮತಿ ಕೊಡುವ ಕಾನೂನು ಆಗಷ್ಟೇ ಬಂದಿತ್ತು.

“ಬೋಟು ನಿಮ್ಮದೇ. ಇಂಜಿನ್ ಬದಲಿಸುದು ಅಷ್ಟೇ,” ಅಂದರು ಡಾಕ್ಟರ್. “ಆದ್ರೆ ಒಂದು ಯೋಚಿಸಿ. ಹೆಣ್ಣು ಮಗು ಆದ್ರೆ ಈ ಬದಲಾವಣೆ ಅವಳ ಮಕ್ಕಳಿಗೂ ಹೋಗ್ತದೆ. ಒಳ್ಳೆಯದಾದ್ರೂ ಹೋಗ್ತದೆ, ಕೆಟ್ಟದಾದ್ರೂ ಹೋಗ್ತದೆ. ಆ ಮಕ್ಕಳನ್ನು ಕೇಳಿ ನಾವು ಮಾಡುದಲ್ಲ.”

“ಮಗು ಬದುಕ್ತದಾ ಡಾಕ್ಟ್ರೇ?” ಎಂದಷ್ಟೇ ಕೇಳಿದಳು ನಿಶ್ಮಿತಾ. ಬದುಕುತ್ತದೆ ಎಂದರು. ವಾಪಸು ಬರುವಾಗ ಕಾರಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಅಂಡ ಕೊಡುವವರು ಯಾರು ಎಂಬ ಪ್ರಶ್ನೆ ನನಗೆ ಪ್ರಶ್ನೆಯೇ ಆಗಿರಲಿಲ್ಲ. ನನ್ನ ತಂಗಿ ಮೇಘಾ ಕುಂದಾಪುರದಲ್ಲಿ ನರ್ಸ್. ಗಟ್ಟಿಮುಟ್ಟಾದ ಎರಡು ಮಕ್ಕಳ ತಾಯಿ. ಸುದ್ದಿ ಕೇಳಿದ ಕೂಡಲೇ ಬಂದು, “ಅಣ್ಣ, ಬೇರೆ ಯಾರನ್ನೂ ಹುಡುಕ್ಬೇಡ, ನಾನೇ ಕೊಡ್ತೇನೆ,” ಅಂದಳು. ನಿಶ್ಮಿತಾಳ ಮನೆಯ ಚಾವಡಿಯಲ್ಲಿ ಎಲ್ಲರೂ ಕೂತಿದ್ದೆವು. ವಾರಿಜ ಮಾಮಿ ಎಲ್ಲರಿಗೂ ಚಾ ಕೊಟ್ಟರು. ಸಂಜೀವ ಮಾಮ ಚಾ ಕುಡಿದು ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

“ರಿತೇಶ, ಬರಿ ತಾಯಿಯಿಂದ ಬರುದು. ಸರಿಯಾ?”

“ಸರಿ ಮಾಮ.”

“ಆ ಎಂತದು, ಇಂಜಿನ್, ಅದೂ ತಾಯಿಯಿಂದ ಮಾತ್ರ ಬರುದು. ಡಾಕ್ಟ್ರೇ ಹೇಳಿದ್ದು. ಸರಿಯಾ?”

“ಸರಿ.”

“ಹಾಗಾದ್ರೆ ಬರಿ ಇರುದು ಅಲ್ಲಿಯೇ.”

ಎಷ್ಟೋ ತಲೆಮಾರಿನಿಂದ ಬರಿ ಎಂಬುದು ಹೆಸರಿನಲ್ಲಿತ್ತು, ದೈವದ ಮುಂದೆ ಹೇಳುವ ಮಾತಿನಲ್ಲಿತ್ತು, ಮದುವೆ ಮಾತುಕತೆಯಲ್ಲಿತ್ತು. ಈಗ ಮಾಮ ಅದಕ್ಕೆ ಮೈಯೊಳಗೆ ಒಂದು ಜಾಗ ಹುಡುಕಿಬಿಟ್ಟಿದ್ದರು. ದೊಡ್ಡ ಸಂಶೋಧನೆ. ನೊಬೆಲ್ ಸಮಿತಿಯವರಿಗೆ ತಿಳಿಸಬೇಕಿತ್ತು.

“ಈಗ ಮೇಘಾಳ ಅಂಡ, ನಿನ್ನ ಬೀಜ,” ಮಾಮ ಮುಂದುವರಿಸಿದರು. “ಮಗುವಿನ ಬರಿ ಯಾವುದು? ಮೇಘಾಂದು. ಅಂದ್ರೆ ನಿಂದೇ. ಅಣ್ಣ ತಂಗಿಗೆ ಮಗು ಹುಟ್ಟಿದ ಹಾಗೆ ಆಯ್ತಾ ಇಲ್ವಾ? ಕೇಳಿದವರು ಎಂತ ಹೇಳ್ಲಿಕ್ಕಿಲ್ಲ ಮಾರಾಯಾ?”

“ಮಾಮ, ಮೇಘಾಳ ಕೇಂದ್ರ ತೆಗೆದು ಬಿಸಾಡ್ತಾರೆ. ಅವಳದ್ದು ಅಂತ ಏನೂ ಉಳಿಯುದಿಲ್ಲ.”

“ಏನೂ ಉಳಿಯುದಿಲ್ಲ ಆದ್ರೆ ಅವಳ ಅಂಡ ಯಾಕೆ ಬೇಕು?”

ಮೇಘಾಳ ಮುಖ ಕೆಂಪಾಗಿತ್ತು. ಕೊಡಲು ಬಂದವಳಿಗೆ ಇಂಥ ಮಾತು. ಅವಳು ಚಪ್ಪಲಿ ಹಾಕಿಕೊಂಡು ಹೊರಟೇಹೋದಳು. ನಾನು ಅವಳ ಹಿಂದೆ ಬಾಗಿಲವರೆಗೆ ಹೋಗಿ, ಸಿಟ್ಟು ತಡೆಯಲಾರದೆ ತಿರುಗಿ ಬಂದು ಕೂಗಾಡಿದೆ. ಹಾಗಾದರೆ ಗುರುತಿಲ್ಲದ ಯಾರಾದರೂ ಬರಲಿ, ಘಟ್ಟದ ಮೇಲಿನವರು ಬರಲಿ ಅಂದೆ.

ಮಾಮ ಕೂಗಲಿಲ್ಲ. “ಬೇರೆ ಬರಿಯವಳು ಕೊಟ್ರೆ ಮಗು ಆ ಬರಿಗೆ ಹೋಗ್ತದೆ. ನಮ್ಮ ಮನೆಯಲ್ಲಿ ಹೆಣ್ಣು ಅಂತ ಉಳಿದವಳು ನಿಶ್ಮಿತಾ ಒಬ್ಬಳೇ. ಅವಳಿಗೆ ಹುಟ್ಟಿದ ಹೆಣ್ಣೂ ನಮ್ಮದಲ್ಲ ಅಂತಾದ್ರೆ ನಮ್ಮ ಕುಟುಂಬ ಅಲ್ಲಿಗೇ ಮುಗೀತು. ನೀನು ಹೊರಗಿನವ, ನಿನಗೆ ಇದು ಅರ್ಥ ಆಗುದಿಲ್ಲ ಮಗಾ,” ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅಳುವ ಮುದುಕನ ಹತ್ತಿರ ಜಗಳಾಡುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಹೊರಗಿನವ ಅಂದದ್ದು ನನಗೆ ಸೂಜಿಯಂತೆ ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ನಿಶ್ಮಿತಾಳ ಮಾತು. ಸಂಜೆ ಅಡುಗೆಮನೆಯಲ್ಲಿ ಅವಳು ಬಂಗುಡೆ ಮೀನು ಕೊಯ್ಯುತ್ತಿದ್ದಳು.

“ಮಾಮ ಹೇಳಿದ ಹಾಗೆಯೇ ಆಗ್ಲಿ,” ಅಂದಳು.

“ನಿನಗೂ ಮರುಳಾ?”

“ಮರುಳಲ್ಲ. ನಾಳೆ ಮೇಘಾ ಬಂದು ಮಗುವನ್ನು ಎತ್ತಿಕೊಂಡಾಗ ನನಗೆ ಎಂತ ಅನ್ನಿಸ್ಬಹುದು ಅಂತ ನೀವು ಯೋಚಿಸಿದ್ದೀರಾ? ಇದರಲ್ಲಿ ಒಂದು ಪಾಲು ನನ್ನದು ಅಂತ ಅವಳು ಬಾಯಿಬಿಟ್ಟು ಹೇಳ್ಲಿಕ್ಕಿಲ್ಲ. ಆದ್ರೆ ನನಗೆ ಕೇಳಿಸ್ತದೆ. ನನ್ನ ಹಾಳು ಮೈಯಲ್ಲಿ ಒಳ್ಳೆದು ಅಂತ ಏನೂ ಇಲ್ಲ ಅಂತ ಆಯ್ತು. ನನ್ನ ಜನ ಅಂತಾದ್ರೂ ಮಗುವಿಗೆ ಇರ್ಲಿ.”

ಒಂದು ಮಗುವನ್ನು ಕಳೆದುಕೊಂಡವಳ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ.

ವಿನುತಾ ಸಿಕ್ಕಿದ್ದು ಹೀಗೆ. ವಾರಿಜ ಮಾಮಿಯ ಅಜ್ಜಿ ಮತ್ತು ವಿನುತಾಳ ಮುತ್ತಜ್ಜಿ ಒಡಹುಟ್ಟಿದ ಅಕ್ಕ ತಂಗಿ. ತಂಗಿ ಹೆಜಮಾಡಿಗೆ ಹೋಗಿ ನೆಲೆಸಿದವಳು. ಅದೇ ಬರಿ, ಅದೇ ದೈವ. ವಿನುತಾಳಿಗೆ ಇಬ್ಬರು ಹೆಣ್ಣುಮಕ್ಕಳು, ಕಿವಿ ಚುರುಕು, ಸಕ್ಕರೆ ಇಲ್ಲ. “ಅಕ್ಕನಿಗೆ ಒಂದು ಮಗು ಆಗುದಾದ್ರೆ ನನಗೆಂತ ನಷ್ಟ?” ಎಂದು ನಗುತ್ತಲೇ ಒಪ್ಪಿದಳು. ಅಷ್ಟು ಒಳ್ಳೆಯ ಹುಡುಗಿ.

ಸಂಸ್ಥೆಗೆ ಹೋಗಿ ಇದನ್ನು ಹೇಳಿದಾಗ ಡಾಕ್ಟರ್ ಫ್ಲೇವಿಯಾ ತಲೆಗೆ ಕೈ ಹಚ್ಚಿಕೊಂಡರು.

“ಅಯ್ಯೋ ದೇವರೇ, ನಾನು ಹೇಳಿದ್ದು ಉದಾಹರಣೆಗೆ! ಬರಿ ಹೋಗುವ ದಾರಿಯಲ್ಲೇ ಈ ಕಾಯಿಲೆ ಹೋಗುದು. ಮತ್ತೆ ಅದೇ ದಾರಿಯವಳನ್ನು ಕರ್ಕೊಂಡು ಬಂದ್ರೆ ಹೇಗೆ? ನನಗೆ ಬೇಕಾದ್ದು ದೂರದವಳು. ಎಷ್ಟು ದೂರವಾ ಅಷ್ಟು ಒಳ್ಳೆಯದು. ಮತ್ತೊಂದು, ಇಬ್ಬರ ಡಿಎನ್‌ಎಯಲ್ಲಿ ಬೇರೆ ಬೇರೆ ಗುರುತು ಇದ್ರೆ, ಭ್ರೂಣದಲ್ಲಿ ಯಾವ ಇಂಜಿನ್ ಯಾರದ್ದು ಅಂತ ನೋಡ್ಲಿಕ್ಕೆ ಆಗ್ತದೆ. ಒಂದೇ ತಾಯಿಯ ಸಂತಾನ ಆದ್ರೆ ಎಲ್ಲ ಒಂದೇ ನಮೂನೆ. ನಾವು ಕುರುಡರ ಹಾಗೆ ಕೆಲಸ ಮಾಡ್ಬೇಕಾಗ್ತದೆ.”

ನನಗೆ ಎದ್ದು ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕರು ಒಳಗೆ ಬಂದರು. ಕೋಟು ಟೈ ಹಾಕಿದ ಮನುಷ್ಯ, ಭಾಷಣದ ಕನ್ನಡ. ಬೇರೊಂದು ನಗರದ ಸಂಸ್ಥೆಯವರು ಇದೇ ಕೆಲಸಕ್ಕೆ ಕೈ ಹಾಕಿದ್ದರಂತೆ. ದೇಶದ ಮೊದಲ ಮಗು ಯಾರ ಕೈಯಲ್ಲಿ ಹುಟ್ಟುತ್ತದೆ ಎಂಬ ಓಟ ನಡೆದಿತ್ತು. ಇದು ನನಗೆ ತಿಳಿದದ್ದು ಆಮೇಲೆ.

“ಸ್ಥಳೀಯ ಸಂಪ್ರದಾಯಗಳನ್ನು ಗೌರವಿಸುವುದು ನಮ್ಮ ಸಂಸ್ಥೆಯ ನೀತಿ,” ಅಂದರು ನಿರ್ದೇಶಕರು. “ಕುಟುಂಬದ ಆಯ್ಕೆ ಕುಟುಂಬಕ್ಕೆ ಬಿಟ್ಟದ್ದು. ದಾನಿಯ ರಕ್ತಪರೀಕ್ಷೆ ಮಾಡೋಣ. ದೋಷ ಇಲ್ಲದಿದ್ದರೆ ಅಡ್ಡಿ ಏನಿದೆ?”

ಸಂಜೀವ ಮಾಮ ಎದ್ದು ನಿಂತು ಅವರಿಗೆ ಕೈ ಮುಗಿದರು. ಇಷ್ಟು ಓದಿದವರಾಗಿ ನಮ್ಮ ಕಟ್ಟುಕಟ್ಟಳೆಗೆ ಮರ್ಯಾದೆ ಕೊಡುತ್ತಾರಲ್ಲ ಎಂದು ದಾರಿಯುದ್ದಕ್ಕೂ ಹೊಗಳಿದರು. ಮರ್ಯಾದೆ ಅಲ್ಲ ಮಾಮ, ಅವಸರ ಎಂದು ಹೇಳುವಷ್ಟು ಬುದ್ಧಿ ನನಗೂ ಆಗ ಇರಲಿಲ್ಲ.

ವಿನುತಾಳ ರಕ್ತದಲ್ಲಿ ದೋಷ ಕಾಣಲಿಲ್ಲ. ರಕ್ತ ಸ್ವಚ್ಛ ಇದ್ದರೆ ಅಂಡವೂ ಸ್ವಚ್ಛ ಎಂದಲ್ಲ, ಒಬ್ಬಳದ್ದೇ ಒಂದೊಂದು ಅಂಡದಲ್ಲಿ ಒಂದೊಂದು ರೀತಿ ಇರಬಹುದು ಎಂದು ಡಾಕ್ಟರ್ ಫ್ಲೇವಿಯಾ ಹೇಳಿಯೇ ಹೇಳಿದರು. ಆದರೆ ಅಂಡವನ್ನು ಪರೀಕ್ಷಿಸಬೇಕಾದರೆ ಒಡೆಯಬೇಕು, ಒಡೆದದ್ದು ಮತ್ತೆ ಉಪಯೋಗಕ್ಕಿಲ್ಲ, ಸಿಕ್ಕಿದ್ದು ಬೆರಳೆಣಿಕೆಯಷ್ಟು. ನಿರ್ದೇಶಕರು ಒಡೆಯಲು ಬಿಡಲಿಲ್ಲ. ಡಾಕ್ಟರ್ ಒಮ್ಮೆ ನಮ್ಮ ಮುಖ ನೋಡಿದರು, ಒಮ್ಮೆ ಅವರ ಮುಖ ನೋಡಿದರು, ಕೊನೆಗೆ ಕೆಲಸ ಉಳಿಸಿಕೊಂಡರು.

ಕೇಂದ್ರ ಬದಲಿಸಿದ ದಿನ ಪ್ರಯೋಗಾಲಯದ ಹೊರಗಿನ ಪರದೆಯಲ್ಲಿ ನಮಗೆ ತೋರಿಸಿದರು. ಬೂದು ಬಣ್ಣದ ಒಂದು ಗುಂಡು. ಅದರ ಪಕ್ಕಕ್ಕೆ ಗಾಜಿನ ಸೂಜಿಯೊಂದು ಮೆಲ್ಲಗೆ ಬಂತು, ಒಳಗೆ ಹೊಕ್ಕಿತು, ಕಣ್ಣಿಗೆ ಕಂಡೂ ಕಾಣದಂಥ ಚುಕ್ಕಿಯೊಂದನ್ನು ಹೀರಿಕೊಂಡು ಹೊರಬಂತು. ಆಮೇಲೆ ಇನ್ನೊಂದು ಗುಂಡಿನೊಳಗೆ ಆ ಚುಕ್ಕಿಯನ್ನು ಬಿಟ್ಟಿತು. ಅಷ್ಟೇ. ದೊಡ್ಡ ದೊಡ್ಡ ಇಂಜಿನ್ ಎತ್ತಿ ಇಳಿಸಿದವನು ನಾನು, ಇಷ್ಟು ನಾಜೂಕಿನ ಕೈ ಎಲ್ಲೂ ಕಂಡಿರಲಿಲ್ಲ. ಸತ್ಯ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು. ಮನುಷ್ಯ ಇಷ್ಟನ್ನು ಮಾಡಬಲ್ಲನಾದರೆ ಇನ್ನು ಯಾವ ಅಪ್ಪನೂ ಮಗನನ್ನು ಮಣ್ಣು ಮಾಡಬೇಕಾಗಿಲ್ಲ ಅನ್ನಿಸಿತು. ಅದು ಸುಳ್ಳು ಆಸೆಯಲ್ಲ. ಬೇರೆ ಮನೆಗಳಲ್ಲಿ ಅದು ನಿಜವಾಯಿತು, ಆ ಮಕ್ಕಳು ಈಗ ಸೈಕಲ್ ಹೊಡೆಯುತ್ತಿದ್ದಾರೆ.

ಭ್ರೂಣದ ಪರೀಕ್ಷೆಯಲ್ಲಿ ಸ್ವಲ್ಪ ದೋಷ ಕಾಣಿಸಿತು, ನೂರಕ್ಕೆ ಮೂರರಷ್ಟು. ಕೇಂದ್ರ ಎತ್ತುವಾಗ ನಿಶ್ಮಿತಾಳ ಕೆಲವು ಇಂಜಿನ್ ಅಂಟಿಕೊಂಡು ಬಂದಿರಬೇಕು, ಇಷ್ಟು ಎಲ್ಲ ಕಡೆಯೂ ಇರುತ್ತದೆ ಎಂದರು. ನನ್ನ ವರ್ಕ್‌ಶಾಪಿನಲ್ಲಿ ಹುಡುಗರು ‘ಇರಬೇಕು’ ಎಂದರೆ ನಾನು ಬಿಚ್ಚಿ ನೋಡು ಎನ್ನುತ್ತೇನೆ. ಇಲ್ಲಿ ಬಿಚ್ಚಿ ನೋಡಿದರೂ ಯಾವುದು ಯಾರದ್ದು ಎಂದು ತಿಳಿಯುವಂತಿರಲಿಲ್ಲ.

ಮಗಳು ಹುಟ್ಟಿದಳು. ಸಾನ್ನಿಧ್ಯ ಎಂದು ಹೆಸರಿಟ್ಟೆವು, ಕರೆಯುವುದು ಸಾನು. ನಿರ್ದೇಶಕರು ಮಗುವನ್ನು ಎತ್ತಿಕೊಂಡು ಪತ್ರಿಕೆಯವರ ಮುಂದೆ ನಿಂತರು. ಮಗು ಅವರ ಟೈ ಒದ್ದೆ ಮಾಡಿತು, ಅದೊಂದು ಸಮಾಧಾನ. ಸಂಜೀವ ಮಾಮ ದೈವಕ್ಕೆ ತಂಬಿಲದ ಸೇವೆ ಕೊಡಿಸಿ, ಮಗುವಿನ ಹೆಸರನ್ನೂ ಬರಿಯನ್ನೂ ಎದೆಯುಬ್ಬಿಸಿ ಹೇಳಿದರು. ಊರವರಿಗೆಲ್ಲ ಊಟ ಹಾಕಿದರು. ಮೇಘಾಳಿಗೂ ಊಟದ ಹೇಳಿಕೆ ಹೋಗಿತ್ತು. ಬಂದಳು, ಉಂಡಳು, ಮಗುವನ್ನು ಎತ್ತಿಕೊಳ್ಳದೆ ಹೋದಳು.

ಸಾನುವಿನಿಂದ ನಾವು ಏನನ್ನೂ ಮುಚ್ಚಿಡಲಿಲ್ಲ. ಅವಳಿಗೆ ಮಾತು ಬಂದಾಗಿನಿಂದ ಅದೇ ಅವಳ ಪ್ರೀತಿಯ ಕಥೆ. “ನನಗೆ ಇಬ್ಬರು ಅಮ್ಮ. ನಿಶ್ಮಿತಮ್ಮಂದು ಬೋಟು, ವಿನುತಮ್ಮಂದು ಇಂಜಿನ್,” ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು. ವಿನುತಾ ಬಂದರೆ ಅವಳ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ಮಾಮ ಅವಳನ್ನು ಕರೆದುಕೊಂಡು ಬಂದರಿಗೆ ಬರತೊಡಗಿದರು. ನನ್ನ ಸಿಟ್ಟೂ ಕರಗಿತು. ಬರಿಯೋ ಬೇರೆಯೋ, ಮಗು ಓಡುತ್ತಿದೆಯಲ್ಲ, ಸಾಕು ಅನ್ನಿಸಿತ್ತು. ಆ ವರ್ಷಗಳು ನಿಜಕ್ಕೂ ಚೆನ್ನಾಗಿದ್ದವು.

ಏಳನೇ ವರ್ಷದಲ್ಲಿ ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಟಿವಿ ಎಂದಿನಂತೆ ಜೋರಾಗಿತ್ತು. ವಾರಿಜ ಮಾಮಿಗೆ ಕಡಿಮೆ ಮಾಡಲು ಹೇಳೋಣ ಎಂದು ಒಳಗೆ ಹೋದೆ. ಮಾಮಿ ಮನೆಯಲ್ಲಿರಲಿಲ್ಲ. ರಿಮೋಟ್ ಇದ್ದದ್ದು ಸಾನುವಿನ ಕೈಯಲ್ಲಿ.

ಹಿಂದಿನಿಂದ ಮೆಲ್ಲಗೆ ಕರೆದೆ. ಸ್ವಲ್ಪ ಜೋರಾಗಿ ಕರೆದೆ. ಮೂರನೇ ಸಲ ಕೂಗಿದಾಗ ತಿರುಗಿ ನೋಡಿ ನಕ್ಕಳು. ನಿಶ್ಮಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಕೆಲವೇ ವಾರಗಳಲ್ಲಿ ತಲೆನೋವು ಶುರುವಾಯಿತು, ಆಮೇಲೆ ವಾಂತಿ, ಆಮೇಲೆ ಎಡಗೈ ಸೋತು ಅವಳನ್ನು ಸಂಸ್ಥೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ನಮಗೆ ಆ ದಾರಿಯ ಪ್ರತಿ ತಿರುವೂ ಗೊತ್ತಿತ್ತು.

ಡಾಕ್ಟರ್ ಫ್ಲೇವಿಯಾ ನನ್ನನ್ನೊಬ್ಬನನ್ನೇ ಪ್ರಯೋಗಾಲಯಕ್ಕೆ ಕರೆದರು. ಅವರ ಕೂದಲು ಬೆಳ್ಳಗಾಗಿತ್ತು.

“ಅವಳ ಸ್ನಾಯುವಿನಲ್ಲಿ ಹಾಳಾದ್ದು ನೂರಕ್ಕೆ ಎಪ್ಪತ್ತು,” ಅಂದರು.

“ಮೂರು ಇದ್ದದ್ದು ಎಪ್ಪತ್ತು ಹೇಗೆ ಆಗ್ತದೆ ಡಾಕ್ಟ್ರೇ?”

“ನಾವು ನೋಡಿದ್ದು ಭ್ರೂಣದ ಹೊರಗಿನ ನಾಲ್ಕು ಕೋಶ. ಒಳಗೆ ಎಷ್ಟಿತ್ತು ಅಂತ ಗೊತ್ತಿಲ್ಲ. ಬೆಳೆಯುವಾಗ ಒಂದೊಂದು ಅಂಗಕ್ಕೆ ಒಂದೊಂದು ಪಾಲು ಹೋಗ್ತದೆ. ನಿಶ್ಮಿತಾಳಿಂದ ಅಂಟಿ ಬಂದದ್ದಾ, ವಿನುತಾಳ ಅಂಡದಲ್ಲೇ ಇದ್ದದ್ದಾ ಅಂತ ನೋಡಿದ್ರೆ, ಎರಡೂ ಒಂದೇ. ಗುರುತು ಸಿಗುದಿಲ್ಲ.” ಅವರು ಒಂದು ವರದಿಯನ್ನು ನನ್ನ ಮುಂದೆ ಸರಿಸಿದರು. “ವಿನುತಾಳ ಒಂದು ಅಂಡ ಶೀತಲ ಪೆಟ್ಟಿಗೆಯಲ್ಲಿ ಉಳಿದಿತ್ತು. ನಿನ್ನೆ ಅದನ್ನು ಒಡೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಹಾಳು.”

“ಅದನ್ನು ಆಗಲೇ ಯಾಕೆ ಒಡೀಲಿಲ್ಲ?”

“ನಿಮಗೆ ಎರಡನೇ ಮಗು ಬೇಕಾದ್ರೆ ಇರ್ಲಿ ಅಂತ ಇಟ್ಟದ್ದು.”

ನನಗೆ ಆ ಹೆಂಗಸಿನ ಕತ್ತು ಹಿಸುಕಬೇಕು ಅನ್ನಿಸಿತು. ಅವರು ಅಳುತ್ತಿದ್ದರು. ಈ ಕಥೆಯಲ್ಲಿ ಎಲ್ಲರೂ ಅಳುತ್ತಾರೆ, ಎಲ್ಲರೂ ಒಳ್ಳೆಯವರು, ಅದೇ ನನಗೆ ಸಹಿಸಲಾಗದ್ದು. ಹೊಸ ಇಂಜಿನ್ ಎಂದು ಹೇಳಿ ಹಾಳಾದ ಇಂಜಿನ್ ತೆಗೆದು, ಅಷ್ಟೇ ಹಾಳಾದ ಇನ್ನೊಂದನ್ನು ಕೂರಿಸಿದ್ದೆವು. ಇಂಥ ಕೆಲಸ ಮಾಡಿದ ಮೆಕ್ಯಾನಿಕ್‌ನನ್ನು ಬಂದರಿನಲ್ಲಿ ಹೊಡೆದು ಓಡಿಸುತ್ತಾರೆ.

ವಿನುತಾಳಿಗೆ ಹೇಳಬೇಕಾಗಿತ್ತು. ಫೋನಿನಲ್ಲಿ ಹೇಳಿದೆ. “ರಿತೇಶಣ್ಣ, ಹಾಗಾದ್ರೆ ನನ್ನ ಇಬ್ಬರು ಮಕ್ಕಳಿಗೆ?” ಅಂದಳು. ಕೊಡಲು ಬಂದವಳ ಕೈಗೆ ನಾವು ಕೊಟ್ಟದ್ದು ಇದು.

ಮರುದಿನ ಸಾನುವಿನ ಕೋಣೆಯಲ್ಲಿ ಎಲ್ಲರೂ ಇದ್ದೆವು. ಅವಳು ಮಂಚದ ಮೇಲೆ ಒರಗಿ, ಸರಿ ಇರುವ ಬಲಗೈಯಲ್ಲಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಹಿಂದಿನ ದಿನವಷ್ಟೇ ಅವಳ ಕಿವಿಗೆ ಯಂತ್ರ ಹಾಕಿದ್ದರು. ಡಾಕ್ಟರ್ ಫ್ಲೇವಿಯಾ ಬಾಗಿಲ ಹತ್ತಿರ ನಿಂತು, ನಿರ್ದೇಶಕರು ಹೇಳಿಕಳಿಸಿದ್ದನ್ನು ಒಪ್ಪಿಸಿದರು. ಮಗುವಿನ ಆರೈಕೆಯೆಲ್ಲ ಸಂಸ್ಥೆಯದ್ದು. ಜೊತೆಗೆ, ನಾವು ಒಪ್ಪಿದರೆ ಇನ್ನೊಂದು ಮಗುವಿಗೆ ಹೊಸದಾಗಿ ಪ್ರಯತ್ನ. ಈ ಸಲ ದಾನಿ ಬೇರೆ ಕಡೆಯವರು.

“ಮೊದಲ ಪ್ರಯತ್ನದಲ್ಲಿ ಆದ ತಪ್ಪು ಎರಡನೆಯದರಲ್ಲಿ ಆಗುದಿಲ್ಲ,” ಅಂದರು.

“ಮೊದಲ ಪ್ರಯತ್ನ ಇಲ್ಲಿ ಮಲಗಿದ್ದಾಳೆ,” ಅಂದಳು ನಿಶ್ಮಿತಾ. “ಅವಳಿಗೆ ಹೆಸರು ಉಂಟು.”

ಡಾಕ್ಟರ್ ತಲೆ ತಗ್ಗಿಸಿದರು. ಸಂಜೀವ ಮಾಮ ಗೋಡೆಗೆ ಒರಗಿ ನಿಂತಿದ್ದರು. ಎರಡು ದಿನದಿಂದ ಊಟ ಮಾಡಿರಲಿಲ್ಲ. ನನ್ನ ಹತ್ತಿರ ಬಂದು ನನ್ನ ತೋಳು ಹಿಡಿದುಕೊಂಡರು.

“ರಿತೇಶ, ಇನ್ನು ನಾನು ಅಡ್ಡ ಬರುದಿಲ್ಲ. ಯಾವ ಬರಿಯಾದ್ರೂ ಆಗ್ತದೆ. ಮೇಘಾಳನ್ನೇ ಕೇಳುವ. ನಾನೇ ಹೋಗಿ ಕಾಲು ಹಿಡೀತೇನೆ.”

ಏಳೆಂಟು ವರ್ಷದ ಹಿಂದೆ ನಾನು ಕೇಳಬೇಕೆಂದು ಕಾದಿದ್ದ ಮಾತು. ಈಗ ಬಂತು. ಅವರ ಕೈ ಕೊಡವಿ ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಸಾನು ಬಣ್ಣದ ಪೆನ್ಸಿಲ್ ಕೆಳಗಿಟ್ಟಳು. ಹೊಸ ಯಂತ್ರದಲ್ಲಿ ಅವಳಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತ್ತು.

“ಅಪ್ಪ, ಹೊಸ ಪಾಪು ಬರ್ತದಾ?”

“ಗೊತ್ತಿಲ್ಲ ಮಗಾ.”

“ಅದಕ್ಕೆ ತಲೆನೋವು ಬರುದಿಲ್ವಾ?”

ನಾನು ಡಾಕ್ಟರ್ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. “ಬರುದಿಲ್ಲ,” ಅಂದೆ.

“ಮೇಘಾ ಮಾಮಿದು ಒಳ್ಳೆ ಇಂಜಿನಾ?”

“ಹೌದು.”

“ಮತ್ತೆ ನನಗೆ ಯಾಕೆ ಅದು ಹಾಕ್ಲಿಲ್ಲ?”

ದೂರು ಹೇಳುವ ಧ್ವನಿಯಲ್ಲ, ತಿಳಿದುಕೊಳ್ಳಲು ಕೇಳಿದ್ದು. ಸಂಜೀವ ಮಾಮ ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟರು. ನಿಶ್ಮಿತಾ ಮಂಚದ ಅಂಚಿಗೆ ಹೋಗಿ, ಸೋತು ಬಿದ್ದಿದ್ದ ಸಾನುವಿನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಗುವಿಗೆ ಸುಳ್ಳು ಹೇಳಬಾರದೆಂದು ನಾವು ಮೊದಲಿನಿಂದಲೂ ಮಾಡಿಕೊಂಡಿದ್ದ ತೀರ್ಮಾನ.

“ನೀನು ನಮ್ಮವಳೇ ಆಗ್ಬೇಕು ಅಂತ ಮಗಾ,” ಅಂದಳು. “ಅದಕ್ಕೆ.”

ಸಾನು ಅಮ್ಮನ ಕಡೆ ತಿರುಗಿದಳು.

“ಅದು ಹಾಕಿದ್ರೂ ನಾನು ನಿಮ್ಮವಳೇ ಅಲ್ವಾ ಅಮ್ಮ?”